ಬ್ರಿಜಿಡ್ ಎಂಬ ಐರಿಷ್ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲೆಂದೋ ಕೆಲಸಕ್ಕೆಂದೋ ಐರ್ಲೆಂಡಿಗೆ ಬಂದ ಕನ್ನಡಿಗರಿಗೆ ಫೆಬ್ರುವರಿ ಹತ್ತಿರವಾದಂತೆ ಈ ಹೆಸರು ಅಲ್ಲಲ್ಲಿ ಎದುರಾಗತೊಡಗುತ್ತದೆ. ಕ್ಯಾಲೆಂಡರಿನಲ್ಲಿ ಸಂತ ಬ್ರಿಜಿಡ್‌ಳ ಹೆಸರಿನ ರಜೆ, ಮಕ್ಕಳು ಶಾಲೆಯಿಂದ ಹೊತ್ತು ತರುವ ಹುಲ್ಲಿನ ಶಿಲುಬೆ, ಬಸ್ಸಿನ ಬೋರ್ಡಿನ ಮೇಲೆ ಕಿಲ್‌ಬ್ರೈಡ್, ಆಫೀಸಿನಲ್ಲಿ ಬ್ರೀಜ್ ಎಂಬ ಹಿರಿಯ ಸಹೋದ್ಯೋಗಿ. ಆ ಸುತ್ತಿನ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬ್ರಿಜಿಡ್, ಬ್ರಿಜೆಟ್, ಬ್ರೀಜ್, ಬ್ರೈಡಿ... ಇವೆಲ್ಲ ಒಂದೇ ಹೆಸರೇ?

ಒಂದೇ. ಬೇರು ಹಳೆಯ ಐರಿಷ್ ಭಾಷೆಯಲ್ಲಿದೆ. ಆಗ ಅದನ್ನು ಹೆಚ್ಚುಕಡಿಮೆ ‘ಬ್ರಿಘಿದ್’ ಎಂದು ಅನ್ನುತ್ತಿದ್ದರು. ನಡುವಿನ ‘ಘ’ ಕಾಲಕ್ರಮದಲ್ಲಿ ಸವೆದುಹೋಗಿ, ಅದು ಬಿಟ್ಟ ಜಾಗದಲ್ಲಿ ಸ್ವರ ದೀರ್ಘವಾಯಿತು. ಇಂಗ್ಲಿಷಿನವರು ಮಾತ್ರ ಕಣ್ಣಿಗೆ ಕಂಡ ಅಕ್ಷರಗಳನ್ನೇ ಓದಿ ‘ಬ್ರಿಜಿಡ್’ ಮಾಡಿಕೊಂಡರು. ಬ್ರಿಜೆಟ್ ಬಂದದ್ದು ಫ್ರೆಂಚ್ ಮತ್ತು ಲ್ಯಾಟಿನ್ ರೂಪಗಳ ದಾರಿಯಿಂದ.

ಮನೆಯೊಳಗಿನ ಮುದ್ದು ಹೆಸರುಗಳ ಪಟ್ಟಿ ಉದ್ದವಿದೆ: ಬ್ರೈಡಿ, ಬ್ರೀಡಾ, ಬಿಡ್ಡಿ, ಬಿಡೀಲಿಯಾ, ಡೀಲಿಯಾ. ಕೊನೆಯದನ್ನು ಕೇಳಿದರೆ ಬ್ರಿಜಿಡ್‌ಗೂ ಅದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯದು. ಹಾಗೆ ಹೊಳೆಯದಿರಲಿ ಎಂದೇ ಕೆಲವರು ಆ ಹೆಸರನ್ನು ಇಟ್ಟುಕೊಂಡರು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನನ್ನ ಸಹೋದ್ಯೋಗಿಯ ಹೆಸರಿನಲ್ಲಿ ಕೊನೆಗೆ ‘ಡಿ’ ಅಕ್ಷರ ಇದೆ. ‘ಬ್ರಿಡ್’ ಎನ್ನಲೇ?

ಬೇಡ. ದಕ್ಷಿಣದ ಕೆರಿ, ಕಾರ್ಕ್ ಕಡೆಯವರಾದರೆ ‘ಬ್ರೀದ್’ಗೆ ಹತ್ತಿರ, ಗಾಲ್ವೆ, ಮೇಯೊ, ಡೊನೆಗಾಲ್ ಕಡೆಯವರಾದರೆ ‘ಬ್ರೀಜ್’. ಅವರು ತಮ್ಮನ್ನು ಹೇಗೆ ಪರಿಚಯಿಸಿಕೊಳ್ಳುತ್ತಾರೋ ಕೇಳಿಸಿಕೊಂಡು ಹಾಗೇ ಅನ್ನಿ. ಐರಿಷ್‌ನಲ್ಲಿ ಎದುರಿಗಿದ್ದವರನ್ನು ಕೂಗುವಾಗ ಹೆಸರಿನ ಮೊದಲ ಅಕ್ಷರವೇ ಮೆತ್ತಗಾಗಿ ‘ಅ ವ್ರೀಜ್’ ಆಗುತ್ತದೆ. ನಮ್ಮ ಸಂಬೋಧನೆಯಲ್ಲಿ ಹೆಸರಿನ ಬಾಲ ಬದಲಾದರೆ ಅವರಲ್ಲಿ ತಲೆ ಬದಲಾಗುತ್ತದೆ.

ಹೆಸರಿನ ಅರ್ಥವೇನು?

‘ಎತ್ತರದವಳು’, ‘ಉನ್ನತೆ’. ಹಳೆಯ ಕೆಲ್ಟಿಕ್ ಭಾಷೆಯ ‘ಬ್ರಿಗಂತೀ’ ಎಂಬ ರೂಪದಿಂದ ಬಂದದ್ದು. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರ ಕಾಲದಲ್ಲಿ ಬ್ರಿಗಾಂಟೀಸ್ ಎಂಬ ಜನವಿತ್ತು, ಬ್ರಿಗಾಂಟಿಯಾ ಎಂಬ ದೇವತೆಯಿದ್ದಳು. ಅದೂ ಇದೇ ಮಾತು.

ಕನ್ನಡ ಓದುಗರಿಗೆ ಖುಷಿ ಕೊಡುವ ಸಂಗತಿ ಇಲ್ಲಿದೆ. ಆ ಕೆಲ್ಟಿಕ್ ಪದಕ್ಕೆ ಸಂಸ್ಕೃತದ ‘ಬೃಹತೀ’ ನೇರ ಸಂಬಂಧಿ. ನಾವು ದಿನಬೆಳಗಾದರೆ ಪತ್ರಿಕೆಯಲ್ಲಿ ಓದುವ ‘ಬೃಹತ್ ಪ್ರತಿಭಟನೆ’, ‘ಬೃಹತ್ ಯೋಜನೆ’ಗಳ ಬೃಹತ್ ಇದೆಯಲ್ಲ, ಅದರ ಸ್ತ್ರೀಲಿಂಗ ರೂಪ. ಜರ್ಮನ್ ಭಾಷೆಯಲ್ಲಿ ಬೆಟ್ಟಕ್ಕೆ ಹೇಳುವ ‘ಬೆರ್ಗ್’ ಕೂಡ ಇದೇ ಮನೆತನದ್ದು.

ಇಷ್ಟು ಹೇಳಿದ ಕೂಡಲೇ ‘ನೋಡಿದಿರಾ, ಐರಿಷರ ದೇವತೆ ನಮ್ಮಿಂದ ಹೋದವಳು’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಯಾರಾಗುತ್ತದೆ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ. ಯಾರಿಂದ ಯಾರಿಗೂ ಹೋಗಿದ್ದಲ್ಲ. ಎರಡೂ ಭಾಷೆಗಳಿಗೆ ಪೂರ್ವಜ ಭಾಷೆ ಒಂದೇ ಇತ್ತು, ಪದ ಅಲ್ಲಿಂದ ಎರಡೂ ಕಡೆಗೆ ಇಳಿದು ಬಂತು.

‘ಬೆಂಕಿಯ ಬಾಣ’ ಎಂಬ ಅರ್ಥವನ್ನು ಎಷ್ಟೋ ಕಡೆ ಓದಿದ್ದೇನೆ. ಅದು ತಪ್ಪೇ?

ವ್ಯುತ್ಪತ್ತಿಯಾಗಿ ತಪ್ಪು. ಆದರೆ ಇಂದಿನವರು ಹುಟ್ಟಿಸಿದ ತಪ್ಪಲ್ಲ. ಸುಮಾರು ಕ್ರಿ.ಶ. 900ರ ಹೊತ್ತಿಗೆ ಸಿದ್ಧವಾದ ಐರಿಷ್ ಪದಕೋಶವೊಂದರಲ್ಲಿ, ಕಾರ್ಮ್ಯಾಕ್ ಎಂಬ ರಾಜ-ಬಿಷಪ್‌ನ ಹೆಸರಿನಲ್ಲಿ ಬಂದಿರುವುದು ಅದು, ಹೆಸರನ್ನು ‘ಬ್ರೆಓ’ ಮತ್ತು ‘ಸಾಯಿತ್’ ಎಂದು ಒಡೆದು ಜ್ವಾಲೆ, ಬಾಣ ಎಂದು ಬಿಡಿಸಲಾಗಿದೆ. ಸಂತ ಬ್ರಿಜಿಡ್ ಮಠ ಕಟ್ಟಿದ ಕಿಲ್ಡೇರ್ ಊರಿನ ಬೆಂಕಿಯ ಕಥೆ (ಮುಂದೆ ಹೇಳುತ್ತೇನೆ) ಜೊತೆಗಿದ್ದುದರಿಂದ ಆ ಅರ್ಥ ಅಂಟಿಕೊಂಡುಬಿಟ್ಟಿತು. ಹೆಸರಿಡುವ ಪುಸ್ತಕಗಳು, ಹಚ್ಚೆ ಹಾಕುವವರು, ಟೀ ಶರ್ಟ್ ಮಾರುವವರು ಯಾರೂ ಅದನ್ನು ಬಿಟ್ಟುಕೊಡುವ ಹಾಗೆ ಕಾಣುವುದಿಲ್ಲ.

ಬ್ರಿಜಿಡ್ ದೇವತೆಯೋ, ಸಂತಳೋ?

ಇಬ್ಬರಿದ್ದಾರೆ. ಇಬ್ಬರೂ ಒಬ್ಬಳೇ ಎನ್ನುವವರೂ ಇದ್ದಾರೆ.

ದೇವತೆಯ ಬಗ್ಗೆ ಮುಖ್ಯ ಮಾಹಿತಿ ಅದೇ ಪದಕೋಶದಲ್ಲಿದೆ. ಅವಳು ದಾಗ್ಡಾ ಎಂಬ ಹಿರಿಯ ದೇವರ ಮಗಳು, ಕವಿಗಳು ಪೂಜಿಸುತ್ತಿದ್ದವಳು. ಅವಳ ಇಬ್ಬರು ಅಕ್ಕತಂಗಿಯರ ಹೆಸರೂ ಬ್ರಿಗಿಟ್. ಒಬ್ಬಳದು ವೈದ್ಯ, ಇನ್ನೊಬ್ಬಳದು ಕಮ್ಮಾರಿಕೆ. ಪುರಾಣದ ಯುದ್ಧಕಥೆಯೊಂದರಲ್ಲಿ ಅವಳ ಮಗ ರುವಾದಾನ್ ಸಾಯುತ್ತಾನೆ. ಅವಳು ಚೀರಿ ಅಳುತ್ತಾಳೆ. ಐರ್ಲೆಂಡಿನಲ್ಲಿ ಸತ್ತವರಿಗಾಗಿ ಹಾಡಿಕೊಂಡು ಅಳುವ ಪದ್ಧತಿ ಶುರುವಾದದ್ದು ಅಂದಿನಿಂದ ಎಂದು ಕಥೆ ಹೇಳುತ್ತದೆ.

ಸಂತ ಬ್ರಿಜಿಡ್ ಹುಟ್ಟಿದ್ದು 451ರ ಸುಮಾರಿಗೆ, ಡಂಡಾಕ್ ಬಳಿಯ ಫಾಹರ್ಟ್‌ನಲ್ಲಿ, ತೀರಿಕೊಂಡದ್ದು 525ರ ಸುಮಾರಿಗೆ ಎಂಬುದು ಸಂಪ್ರದಾಯದ ಮಾತು. ತಂದೆ ನಾಯಕ, ತಾಯಿ ಅವನ ಗುಲಾಮಳು. ಕಿಲ್ಡೇರ್‌ನಲ್ಲಿ ಮಠ ಕಟ್ಟಿದಳು. ಆ ಊರಿನ ಹೆಸರಿಗೆ ‘ಓಕ್ ಮರದ ಚರ್ಚು’ ಎಂದು ಅರ್ಥ. ಕೊಗಿಟೋಸಸ್ ಎಂಬ ಸನ್ಯಾಸಿ ಲ್ಯಾಟಿನ್‌ನಲ್ಲಿ ಆಕೆಯ ಜೀವನ ಬರೆದದ್ದು 7ನೇ ಶತಮಾನದಲ್ಲಿ, ಅಂದರೆ ಆಕೆ ಸತ್ತು ನೂರು ವರ್ಷದ ಮೇಲೆ. ಅಷ್ಟರಲ್ಲಿ ಪವಾಡಗಳು ಬೆಳೆದಿದ್ದವು.

ದೇವತೆಯೇ ಸಂತಳ ವೇಷ ತೊಟ್ಟಳೇ, ಅಥವಾ ನಿಜವಾದ ಮಠಾಧೀಶೆಯೊಬ್ಬಳಿಗೆ ದೇವತೆಯ ಕಥೆಗಳು ಅಂಟಿಕೊಂಡವೇ ಎಂದು ವಿದ್ವಾಂಸರು ಈಗಲೂ ಜಗ್ಗಾಡುತ್ತಾರೆ. ನನಗೆ ಎರಡನೆಯದು ಹೆಚ್ಚು ಸರಿ ಎನ್ನಿಸುತ್ತದೆ. ಒಂದು ಮಠ ಅಷ್ಟು ಪ್ರಬಲವಾಗಿ ಬೆಳೆಯಬೇಕಾದರೆ ಅದನ್ನು ಗಟ್ಟಿಯಾದ ಒಬ್ಬ ಹೆಂಗಸು ನಡೆಸಿರಲೇಬೇಕು.

ಕಿಲ್ಡೇರ್‌ನ ಬೆಂಕಿಯ ವಿಷಯವೇನು?

1180ರ ದಶಕದಲ್ಲಿ ಐರ್ಲೆಂಡಿಗೆ ಬಂದ ವೇಲ್ಸ್‌ನ ಪಾದ್ರಿ ಜೆರಾಲ್ಡ್ ಬರೆದಿಟ್ಟಿದ್ದಾನೆ: ಕಿಲ್ಡೇರ್‌ನಲ್ಲಿ ಆರದ ಬೆಂಕಿಯೊಂದಿದೆ. 19 ಸನ್ಯಾಸಿನಿಯರು ಒಬ್ಬೊಬ್ಬರಾಗಿ ಒಂದೊಂದು ರಾತ್ರಿ ಅದನ್ನು ಕಾಯುತ್ತಾರೆ. 20ನೆಯ ರಾತ್ರಿ ಸೌದೆಯನ್ನು ಪಕ್ಕದಲ್ಲಿಟ್ಟು, ‘ಬ್ರಿಜಿಡ್, ಇವತ್ತಿನ ಸರದಿ ನಿನ್ನದು’ ಎಂದು ಹೇಳಿ ಹೊರಟುಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಸೌದೆ ಉರಿದಿರುತ್ತದೆ, ಬೆಂಕಿ ಹಾಗೇ ಇರುತ್ತದೆ. ಸುತ್ತಲೂ ಬೇಲಿ, ಗಂಡಸರು ದಾಟುವಂತಿಲ್ಲ. ಊದುವಾಗ ಬಾಯಿಯಿಂದ ಊದಬಾರದು, ತಿದಿ ಅಥವಾ ಬೀಸಣಿಗೆಯನ್ನೇ ಬಳಸಬೇಕು.

1220ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್ ಅದನ್ನು ಆರಿಸಿದನಂತೆ. ಮತ್ತೆ ಹೊತ್ತಿಕೊಂಡಿತು. 16ನೇ ಶತಮಾನದ ಮತಸುಧಾರಣೆಯಲ್ಲಿ ಮಠಗಳೇ ಮುಚ್ಚಿಹೋದಾಗ ಪೂರ್ತಿ ನಂದಿತು. 1993ರಲ್ಲಿ ಬ್ರಿಜಿಡೀನ್ ಸಿಸ್ಟರ್‌ಗಳು ಕಿಲ್ಡೇರ್‌ನಲ್ಲಿ ಜ್ವಾಲೆಯನ್ನು ಮತ್ತೆ ಹೊತ್ತಿಸಿದರು. ಈಗ ಅದು ಅವರ ಸೋಲಸ್ ವ್ರೀಜ ಕೇಂದ್ರದಲ್ಲಿದೆ. ಯಾರು ಬೇಕಾದರೂ ಹೋಗಿ ನೋಡಬಹುದು, ಗಂಡಸರೂ.

ಇಷ್ಟು ದೊಡ್ಡ ಹೆಸರು, ಹಿಂದೆ ಎಲ್ಲರೂ ಇಟ್ಟುಕೊಳ್ಳುತ್ತಿದ್ದರೇ?

ತಿರುವು ಇರುವುದೇ ಇಲ್ಲಿ. ಮಧ್ಯಯುಗದಲ್ಲಿ ಸಾಮಾನ್ಯವಾಗಿ ಇಡುತ್ತಿರಲಿಲ್ಲ. ಅಷ್ಟು ಪವಿತ್ರವಾದ ಹೆಸರನ್ನು ನೇರವಾಗಿ ಮಗುವಿಗೆ ಕಟ್ಟುವುದು ಸಲ್ಲದು ಎಂಬ ಹಿಂಜರಿಕೆ ಇತ್ತು. ಬದಲಿಗೆ ‘ಬ್ರಿಜಿಡ್‌ಳ ಸೇವಕ’ ಎಂದು ಇಡುತ್ತಿದ್ದರು, ಅದೂ ಗಂಡುಮಕ್ಕಳಿಗೆ: ಮೇಲ್ ಬ್ರಿಗ್ಟೆ, ಗಿಲ್ಲಾ ಬ್ರಿಗ್ಟೆ. ನಮ್ಮಲ್ಲಿ ಪುರಂದರದಾಸ, ರಾಮದಾಸ ಎಂದ ಹಾಗೆ. ಆ ಗಿಲ್ಲಾ ಬ್ರಿಗ್ಟೆಯ ಮಕ್ಕಳ ಮನೆತನವೇ ಇವತ್ತಿನ ಮೆಕ್‌ಬ್ರೈಡ್, ಗಿಲ್‌ಬ್ರೈಡ್. 1974ರಲ್ಲಿ ಶಾಂತಿ ನೊಬೆಲ್ ಹಂಚಿಕೊಂಡ ಷಾನ್ ಮೆಕ್‌ಬ್ರೈಡ್ ಅವರ ಮನೆಹೆಸರಿನಲ್ಲಿ ಹೀಗೆ ಒಬ್ಬ ದಾಸ ಅಡಗಿದ್ದಾನೆ.

ಹಿಂಜರಿಕೆ ಸಡಿಲವಾದದ್ದು 17ನೇ ಶತಮಾನದಿಂದ ಈಚೆಗೆ. ಒಮ್ಮೆ ಸಡಿಲವಾದ ಮೇಲೆ ತಡೆಯೇ ಇರಲಿಲ್ಲ. 19ನೇ ಶತಮಾನದ ಹೊತ್ತಿಗೆ ಮೇರಿಯ ಜೊತೆಗೆ ಬ್ರಿಜೆಟ್ ಎಂಬುದು ಐರಿಷ್ ಹೆಣ್ಣುಮಕ್ಕಳ ಅತಿ ಸಾಮಾನ್ಯ ಹೆಸರುಗಳಲ್ಲೊಂದು.

‘ಬಿಡ್ಡಿ’ ಎಂದರೆ ಬೈದಂತೆ ಎಂದು ಯಾರೋ ಹೇಳಿದರು. ನಿಜವೇ?

ಯಾರು, ಯಾವ ದನಿಯಲ್ಲಿ ಅನ್ನುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಊರಲ್ಲಿ ಅಜ್ಜಿಯನ್ನು ಬಿಡ್ಡಿ ಎಂದರೆ ಅದು ಅಕ್ಕರೆ. ಕ್ಲೇರ್ ಕೌಂಟಿಯ ಫೀಕಲ್ ಎಂಬಲ್ಲಿ ಬಿಡ್ಡಿ ಅರ್ಲಿ ಎಂಬ ನಾಟಿವೈದ್ಯೆ ಇದ್ದಳು. ನೀಲಿ ಬಾಟಲಿಯೊಂದರಲ್ಲಿ ನೋಡಿ ರೋಗ, ಕಳವು, ಭವಿಷ್ಯ ಹೇಳುತ್ತಿದ್ದಳಂತೆ. 1865ರಲ್ಲಿ ಮಾಟದ ಆರೋಪ ಹೊರಿಸಿ ಎನಿಸ್‌ನ ಕೋರ್ಟಿಗೆ ಎಳೆದರು. ಸಾಕ್ಷಿ ಹೇಳಲು ಯಾರೂ ಮುಂದೆ ಬರದೆ ಕೇಸು ಬಿದ್ದುಹೋಯಿತು. ಆ ಕಡೆಯವರ ಬಾಯಲ್ಲಿ ಬಿಡ್ಡಿ ಎಂದರೆ ಇವತ್ತಿಗೂ ಗೌರವವೇ.

ಹೆಸರು ಕೆಳಗಿಳಿದದ್ದು ಸಮುದ್ರದ ಆಚೆ. 1845ರ ನಂತರದ ಆಲೂಗಡ್ಡೆ ಬರಗಾಲದಿಂದ ತಪ್ಪಿಸಿಕೊಂಡು ಲಕ್ಷಗಟ್ಟಲೆ ಜನ ಅಮೆರಿಕಕ್ಕೆ ಹಡಗು ಹತ್ತಿದರು. ಒಂಟಿಯಾಗಿ ಹೋದ ಹುಡುಗಿಯರಿಗೆ ನ್ಯೂಯಾರ್ಕ್, ಬಾಸ್ಟನ್‌ಗಳ ಶ್ರೀಮಂತ ಮನೆಗಳಲ್ಲಿ ಅಡುಗೆ, ಕಸ-ಮುಸುರೆಯ ಕೆಲಸ ಸಿಕ್ಕಿತು. ಅವರಲ್ಲಿ ಬ್ರಿಜೆಟ್‌ಗಳು ಎಷ್ಟಿದ್ದರೆಂದರೆ, ಹೆಸರು ಏನೇ ಇರಲಿ, ಐರಿಷ್ ಕೆಲಸದವಳೆಂದರೆ ‘ಬ್ರಿಜೆಟ್’ ಅಥವಾ ‘ಬಿಡ್ಡಿ’ ಎಂದೇ ಆಯಿತು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಅವಳು ದಪ್ಪ ತೋಳಿನ, ಪಿಂಗಾಣಿ ಒಡೆಯುವ, ಯಜಮಾನಿಗೆ ಎದುರು ಮಾತಾಡುವ ಪೆದ್ದಿ. ಅದೇ ಬ್ರಿಜೆಟ್‌ಗಳು ಸಂಬಳದಲ್ಲಿ ಉಳಿಸಿ ಊರಿಗೆ ಕಳಿಸಿದ ದುಡ್ಡಿನಲ್ಲಿ ತಮ್ಮ ತಂಗಿಯರ ಹಡಗಿನ ಟಿಕೆಟ್ಟೂ ಮನೆಯ ಬಾಡಿಗೆಯೂ ನಡೆದವು. ವ್ಯಂಗ್ಯಚಿತ್ರಕಾರರಿಗೆ ಅದು ಕಾಣಲಿಲ್ಲ.

ಪರಿಣಾಮ ಏನಾಯಿತೆಂದರೆ, ತಲೆಮಾರು ಕಳೆಯುವಷ್ಟರಲ್ಲಿ ಐರಿಷ್ ಅಮೆರಿಕನ್ನರೇ ಹೆಣ್ಣುಮಕ್ಕಳಿಗೆ ಈ ಹೆಸರಿಡಲು ನಾಚಿಕೊಂಡರು. ಇದ್ದವರು ಡೀಲಿಯಾ, ಬರ್ತಾ ಎಂದು ಬದಲಿಸಿಕೊಂಡರು. ಪವಿತ್ರವೆಂದು ಒಂದು ಕಾಲದಲ್ಲಿ ಬಾಯಿಬಿಟ್ಟು ಇಡಲೂ ಹೆದರುತ್ತಿದ್ದ ಹೆಸರಿಗೆ ಈ ಗತಿ. ‘ಉನ್ನತೆ’ ಎಂಬ ಅರ್ಥ ಪದಕೋಶದಲ್ಲಿ ಎಷ್ಟು ಭದ್ರವಾಗಿದ್ದರೇನು, ಮೆಟ್ಟಿಲ ಮೇಲಿಂದ ಕೂಗುವವರ ದನಿಯಲ್ಲಿ ಅದು ಇರಲಿಲ್ಲ.

ಇಂಗ್ಲಿಷಿನಲ್ಲಿ ‘ಓಲ್ಡ್ ಬಿಡ್ಡಿ’ ಎಂದರೆ ಗೊಣಗುವ ಮುದುಕಿ. ಆಫೀಸಿನಲ್ಲಿ ತಮಾಷೆಗೂ ಬಳಸಬೇಡಿ.

ಇಂಗ್ಲಿಷಿನಲ್ಲಿ ಮದುಮಗಳಿಗೆ ‘ಬ್ರೈಡ್’ ಎನ್ನುವುದು ಇವಳಿಂದಲೇ ಬಂತೇ?

ಇಲ್ಲ. ಕೇಳಲು ಒಂದೇ ಥರ ಇರುವ ಬೇರೆ ಪದ, ಜರ್ಮಾನಿಕ್ ಮೂಲದ್ದು.

ಊರುಗಳ ಹೆಸರಿನಲ್ಲಿ ಇವಳು ಎಲ್ಲೆಲ್ಲಿದ್ದಾಳೆ?

‘ಕಿಲ್‌ಬ್ರೈಡ್’ ಎಂದು ಕಂಡಲ್ಲೆಲ್ಲ ‘ಬ್ರಿಜಿಡ್‌ಳ ಚರ್ಚು’ ಎಂದು ಓದಿಕೊಳ್ಳಿ. ಐರ್ಲೆಂಡಿನ ತುಂಬ ಇವೆ. ಸ್ಕಾಟ್ಲೆಂಡಿನಲ್ಲಿ ಈಸ್ಟ್ ಕಿಲ್‌ಬ್ರೈಡ್ ದೊಡ್ಡ ಪಟ್ಟಣವೇ ಆಗಿದೆ. ಲಂಡನ್ನಿನಲ್ಲಿ ಪತ್ರಿಕೆಗಳ ಬೀದಿಯಾಗಿದ್ದ ಫ್ಲೀಟ್ ಸ್ಟ್ರೀಟ್‌ನ ಸೇಂಟ್ ಬ್ರೈಡ್ಸ್ ಚರ್ಚು ಇವಳದೇ. ಆ ಚರ್ಚಿನ ಪಕ್ಕದ ಬಾವಿಗೆ ಬ್ರೈಡ್‌ವೆಲ್ ಎಂದು ಹೆಸರಾಯಿತು, ಅಲ್ಲಿ ಕಟ್ಟಿದ ಅರಮನೆಗೂ ಅದೇ ಹೆಸರು. 16ನೇ ಶತಮಾನದಲ್ಲಿ ಆ ಅರಮನೆ ಸೆರೆಮನೆಯಾಯಿತು. ಮುಂದೆ ಇಂಗ್ಲಿಷಿನಲ್ಲಿ ‘ಬ್ರೈಡ್‌ವೆಲ್’ ಎಂದರೆ ಲಾಕಪ್ ಎಂದೇ ಅರ್ಥ ಬಂತು. ಡಬ್ಲಿನ್ನಿನಲ್ಲಿ ಕೋರ್ಟುಗಳ ಪಕ್ಕದ ಪೊಲೀಸ್ ಠಾಣೆಯ ಹೆಸರು ಈಗಲೂ ಬ್ರೈಡ್‌ವೆಲ್.

ಸ್ಕಾಟಿಷ್ ಗೇಲಿಕ್‌ನಲ್ಲಿ ಕಡಲತಡಿಯ ಒಂದು ಕಪ್ಪು-ಬಿಳಿ ಹಕ್ಕಿಗೆ, ಕೆಂಪು ಉದ್ದ ಕೊಕ್ಕಿನದು, ‘ಬ್ರಿಜಿಡ್‌ಳ ಸೇವಕ’ ಎಂಬ ಹೆಸರಿದೆ. ಇದು ನನಗೆ ಎಲ್ಲಕ್ಕಿಂತ ಇಷ್ಟ.

ಮಗು ಶಾಲೆಯಿಂದ ತಂದ ಹುಲ್ಲಿನ ಶಿಲುಬೆಯನ್ನು ಏನು ಮಾಡಬೇಕು? ಮನೆಯಲ್ಲೇ ಮಾಡಬಹುದೇ?

ಬಾಗಿಲ ಮೇಲೆ ಸಿಕ್ಕಿಸಿ. ಬೆಂಕಿ, ರೋಗ, ಹಸಿವು ಮನೆ ಹೊಗದಂತೆ ಕಾಯುತ್ತದೆ ಎಂಬ ನಂಬಿಕೆ. ಹಳೆಯ ಮನೆಗಳಲ್ಲಿ ಪ್ರತಿ ವರ್ಷದ ಶಿಲುಬೆಯನ್ನೂ ಸೂರಿನ ಗಳುವಿಗೆ ಸಿಕ್ಕಿಸುತ್ತ ಹೋಗುತ್ತಿದ್ದರು. ಎಣಿಸಿದರೆ ಮನೆಗೆ ಎಷ್ಟು ವಯಸ್ಸೆಂದು ಗೊತ್ತಾಗುತ್ತಿತ್ತು.

ಕಥೆ ಹೀಗಿದೆ: ಸಾಯಲು ಬಿದ್ದಿದ್ದ ನಾಯಕನೊಬ್ಬನ ಪಕ್ಕ ಕೂತ ಬ್ರಿಜಿಡ್, ನೆಲಕ್ಕೆ ಹಾಸಿದ್ದ ಜೊಂಡು ಹುಲ್ಲನ್ನೇ ಎತ್ತಿಕೊಂಡು ಶಿಲುಬೆ ಹೆಣೆಯುತ್ತ ಅವನಿಗೆ ಕ್ರಿಸ್ತನ ವಿಷಯ ಹೇಳಿದಳು.

ಮಾಡುವುದು ಕಷ್ಟವಿಲ್ಲ. ಗದ್ದೆಯ ತೇವದ ಮೂಲೆಯಲ್ಲಿ ಬೆಳೆಯುವ ಹಸಿರು ಜೊಂಡನ್ನು ಕತ್ತರಿಸದೆ ಕೈಯಲ್ಲೇ ಕಿತ್ತು ತರುವುದು ಪದ್ಧತಿ. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿದುಕೊಳ್ಳಿ. ಇನ್ನೊಂದನ್ನು ನಡುವಿಗೆ ಮಡಚಿ, ಮೊದಲನೆಯದರ ಹೊಟ್ಟೆಗೆ ಸುತ್ತಿ, ಎರಡೂ ತುದಿ ಬಲಕ್ಕೆ ಬರುವಂತೆ ಎಳೆಯಿರಿ. ಇಡೀ ಕಟ್ಟನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಮತ್ತೊಂದು ಕಡ್ಡಿ ಮಡಚಿ, ಈಗ ಮೇಲೆ ನಿಂತಿರುವ ಕಡ್ಡಿಗಳೆಲ್ಲವನ್ನೂ ಅಪ್ಪುವಂತೆ ಸುತ್ತಿ ಬಲಕ್ಕೆ ಎಳೆಯಿರಿ. ಮತ್ತೆ ತಿರುಗಿಸಿ. ಹೀಗೇ ಮಾಡುತ್ತ ಹೋದರೆ ನಡುವೆ ಚೌಕದ ನೇಯ್ಗೆ ಮೂಡಿ, ನಾಲ್ಕು ಕಡೆ ನಾಲ್ಕು ತೋಳು ಬೆಳೆಯುತ್ತವೆ. ನಡುವಿನ ಚೌಕವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೇ ಇರಬೇಕು; ಕೈ ಬಿಟ್ಟರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಕೊನೆಗೆ ತೋಳುಗಳ ತುದಿ ಕಟ್ಟಿ, ಹೆಚ್ಚಿನದನ್ನು ಕತ್ತರಿಸಿ. ಇಲ್ಲಿನ ಸರ್ಕಾರಿ ಟಿವಿ ಆರ್‌ಟಿಇ 1961ರಲ್ಲಿ ಶುರುವಾದಾಗ ಇದನ್ನೇ ಲಾಂಛನ ಮಾಡಿಕೊಂಡು ದಶಕಗಳ ಕಾಲ ಬಳಸಿತು.

ಪಕ್ಕದ ಮನೆಯವರು ಜನವರಿ 31ರ ರಾತ್ರಿ ಬಟ್ಟೆಯ ಚೂರೊಂದನ್ನು ಪೊದೆಯ ಮೇಲೆ ಹಾಕಿದ್ದರು. ಮರೆತು ಹೋದದ್ದೇ?

ಮರೆತದ್ದಲ್ಲ, ಎತ್ತಿಕೊಡಲು ಹೋಗಬೇಡಿ. ಅದು ‘ಬ್ರತ್ ಬ್ರೀಜ’, ಬ್ರಿಜಿಡ್‌ಳ ಬಟ್ಟೆ. ಆ ರಾತ್ರಿ ಅವಳು ನಾಡಿನ ಮೇಲೆ ಹಾದುಹೋಗುವಾಗ ಬಟ್ಟೆಯನ್ನು ಮುಟ್ಟುತ್ತಾಳೆ. ಬೆಳಿಗ್ಗೆ ತಂದಿಟ್ಟುಕೊಂಡು ವರ್ಷವಿಡೀ ತಲೆನೋವು, ಗಂಟಲುನೋವಿಗೆ ಕಟ್ಟಿಕೊಳ್ಳುತ್ತಾರೆ. ಹಿಂದೆ ಕರು ಹಾಕಲು ಕಷ್ಟಪಡುವ ಹಸುವಿನ ಬೆನ್ನಿಗೂ ಹೊದಿಸುತ್ತಿದ್ದರು. ಹಸು, ಹಾಲು, ಬೆಣ್ಣೆ ಎಲ್ಲ ಇವಳ ಇಲಾಖೆ.

ಫೆಬ್ರುವರಿ ರಜೆ ಯಾವಾಗಿನಿಂದ ಇದೆ?

2023ರಿಂದ. ಐರ್ಲೆಂಡಿನಲ್ಲಿ ಹೆಂಗಸೊಬ್ಬಳ ಹೆಸರಿನ ಮೊದಲ ಸಾರ್ವಜನಿಕ ರಜೆ ಇದು. ಹಬ್ಬ ಫೆಬ್ರುವರಿ 1ಕ್ಕೆ. ರಜೆ ಮಾತ್ರ ತಿಂಗಳ ಮೊದಲ ಸೋಮವಾರ. 1ನೇ ತಾರೀಕು ಶುಕ್ರವಾರ ಬಂದರೆ ಅಂದೇ ರಜೆ. ಫೆಬ್ರುವರಿ 1 ಹಳೆಯ ಐರಿಷ್ ಪಂಚಾಂಗದ ‘ಇಂಬೋಲ್ಕ್’, ವಸಂತದ ಮೊದಲ ದಿನ. ಹೊರಗೆ ಹಲ್ಲು ಕಟಕಟಿಸುವ ಚಳಿಯಿದ್ದರೂ ಅವರ ಪ್ರಕಾರ ವಸಂತವೇ, ವಾದಿಸಿ ಪ್ರಯೋಜನವಿಲ್ಲ.

ಅವಳ ಬಗ್ಗೆ ಹೇಳುವ ಪವಾಡಗಳಲ್ಲಿ ವಿಶೇಷವಾದವು ಯಾವುವು?

ಸ್ನಾನದ ನೀರನ್ನು ಬಿಯರ್ ಮಾಡಿದ್ದು, ಒದ್ದೆ ಮೇಲುವಸ್ತ್ರವನ್ನು ಸೂರ್ಯನ ಕಿರಣಕ್ಕೆ ಒಣಗಹಾಕಿದ್ದು, ಮಠಕ್ಕೆ ನನ್ನ ಹೊದಿಕೆ ಹಾಸುವಷ್ಟು ಜಾಗ ಸಾಕು ಎಂದು ರಾಜನ ಬಳಿ ಕೇಳಿ, ಅವನು ಒಪ್ಪಿದ ಮೇಲೆ ಆ ಹೊದಿಕೆಯನ್ನು ಇಡೀ ಕರ್ರಾ ಬಯಲಿನ ಮೇಲೆ ಹರಡಿದ್ದು. ವಾಮನನ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ರಾಜನ ಪೇಚು ಥಟ್ಟನೆ ಅರ್ಥವಾಗುತ್ತದೆ. ಬಿಷಪ್ ಮೆಲ್ ಎಂಬಾತ ಆಕೆಗೆ ದೀಕ್ಷೆ ಕೊಡುವಾಗ ದೈವಾವೇಶದಲ್ಲಿ ಮಂತ್ರ ತಪ್ಪಿ, ಬಿಷಪ್ ಪದವಿಯ ಮಂತ್ರವನ್ನೇ ಓದಿಬಿಟ್ಟನೆಂಬ ಕಥೆಯೂ ಇದೆ.

ಇನ್ನೊಂದನ್ನು ಚರ್ಚಿನವರು ಹೆಚ್ಚು ಹೇಳುವುದಿಲ್ಲ. ವ್ರತ ತೊಟ್ಟ ಹುಡುಗಿಯೊಬ್ಬಳು ಗರ್ಭಿಣಿಯಾದಾಗ ಬ್ರಿಜಿಡ್ ಅವಳ ಹೊಟ್ಟೆಯ ಮೇಲೆ ಆಶೀರ್ವದಿಸಿದಳು, ನೋವಿಲ್ಲದೆ ಗರ್ಭ ಕರಗಿಹೋಯಿತು ಎಂದು ಕೊಗಿಟೋಸಸ್‌ನೇ ಬರೆದಿದ್ದಾನೆ. 2018ರ ಮೇ 25ರಂದು ಗರ್ಭಪಾತ ನಿಷೇಧದ ತಿದ್ದುಪಡಿಯನ್ನು ತೆಗೆಯಲು ಐರ್ಲೆಂಡ್ ಮತ ಹಾಕಿದ ವರ್ಷ ಈ 7ನೇ ಶತಮಾನದ ಕಥೆ ಮತ್ತೆ ಚರ್ಚೆಗೆ ಬಂತು. ಆ ಮತದಾನದ ಹಿಂದೆ ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರ ಸಾವಿತ್ತು. 2012ರ ಅಕ್ಟೋಬರ್‌ನಲ್ಲಿ ಗಾಲ್ವೆಯಲ್ಲಿ, ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೂ ಕೇಳಿದ ಗರ್ಭಪಾತ ಸಿಗದೆ, ಸೋಂಕಿನಿಂದ ಅವರು ತೀರಿಕೊಂಡರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದಿದ್ದ ಅವರ ಚಿತ್ರದ ಸುತ್ತ ಮತದಾನದ ದಿನ ಜನ ಚೀಟಿಗಳನ್ನು ಅಂಟಿಸಿದ್ದರು.

ಬ್ರಿಜೆಟ್ ಕ್ಲಿಯರಿ ಯಾರು?

1895ರ ಮಾರ್ಚ್‌ನಲ್ಲಿ ಟಿಪರೇರಿಯ ಬ್ಯಾಲಿವಾಡ್ಲಿಯಲ್ಲಿ ಗಂಡನಿಂದ ಸುಟ್ಟು ಸತ್ತವಳು. ಬಟ್ಟೆ ಹೊಲಿದು ಸ್ವಂತ ದುಡಿಮೆಯಲ್ಲಿದ್ದ ಹೆಂಗಸು. ಕಾಯಿಲೆ ಬಿದ್ದಾಗ, ಇವಳು ನನ್ನ ಹೆಂಡತಿಯಲ್ಲ, ಯಕ್ಷಿಣಿಯರು ಅದಲು-ಬದಲು ಮಾಡಿಟ್ಟ ಬೇರೊಬ್ಬಳು ಎಂದು ಗಂಡ ಮೈಕೆಲ್ ಹಟ ಹಿಡಿದ. ನರಹತ್ಯೆಗಾಗಿ ಅವನಿಗೆ 20 ವರ್ಷದ ಶಿಕ್ಷೆಯಾಗಿ, 1910ರಲ್ಲಿ ಹೊರಬಂದ. ಅವಳನ್ನು ‘ಐರ್ಲೆಂಡಿನಲ್ಲಿ ಸುಟ್ಟ ಕೊನೆಯ ಮಾಟಗಾತಿ’ ಎಂದು ಬರೆಯುವವರಿದ್ದಾರೆ. ಅವಳ ಮೇಲೆ ಮಾಟದ ಆರೋಪವೇ ಇರಲಿಲ್ಲ.

ಮಂಗಳೂರಿನ ಕಡೆ ಬ್ರಿಜಿಟ್ ಎಂಬ ಹೆಸರು ಕೇಳಿದ್ದೇನೆ. ಅದೂ ಇದೇನಾ?

ಹೆಸರು ಇದೇ, ಸಂತರು ಬೇರೆ ಇರಬಹುದು. ಸ್ವೀಡನ್ನಿನಲ್ಲಿ 1303ರಿಂದ 1373ರವರೆಗೆ ಬದುಕಿದ್ದ ಸಂತ ಬಿರ್ಗಿಟ್ಟಾ ಇದ್ದಾಳೆ. ಅವಳ ಹೆಸರೂ ಐರಿಷ್ ಬ್ರಿಜಿಡ್‌ನಿಂದಲೇ ಉತ್ತರಕ್ಕೆ ಹೋದದ್ದು. ಅವಳ ಹಬ್ಬ ಜುಲೈ 23. ಹಾಗಾಗಿ ಕರಾವಳಿಯ ಬ್ರಿಜಿಟ್ ಬಾಯಿ, ಬೆಂಗಳೂರು-ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಬ್ರಿಜೆಟ್ ಆಂಟಿ ಯಾವ ಸಂತಳ ಹೆಸರು ಹೊತ್ತಿದ್ದಾರೆ ಎಂದು ತಿಳಿಯಬೇಕಾದರೆ ಹೆಸರಿನ ಹಬ್ಬ ಯಾವ ತಿಂಗಳು ಎಂದು ಕೇಳಿ.

ಇಲ್ಲೇ ಹುಟ್ಟಿದ ಮಗಳಿಗೆ ಈ ಹೆಸರಿಡಬಹುದೇ?

ಧಾರಾಳವಾಗಿ. ಆದರೆ ಈಗಿನ ಐರಿಷ್ ತಾಯ್ತಂದೆಯರಿಗೆ ಇದು ಅಜ್ಜಿಯ ಹೆಸರು. ತರಗತಿಯಲ್ಲಿ ಇವಳೊಬ್ಬಳೇ ಬ್ರಿಜಿಡ್ ಆಗಬಹುದು. ‘ಬ್ರೀಜ್’ ಎಂದಿಟ್ಟರೆ ಊರಿನಲ್ಲಿ ಅಜ್ಜಿ-ತಾತ ‘ಫ್ರಿಜ್’ ಎಂದು ಕೂಗುವ ಅಪಾಯವಿದೆ. ಎರಡೂ ಕಡೆಗೆ ಒಗ್ಗಬೇಕೆಂದರೆ ‘ಬೃಹತೀ’ ಎಂದಿಡಿ, ಬಂಧುತ್ವಕ್ಕೆ ಭಾಷಾಶಾಸ್ತ್ರದ ಆಧಾರವೂ ಇದೆ. ಇಲ್ಲಿನ ಟೀಚರಿಗೆ ಉಚ್ಚಾರ ಕಲಿಸುವ ಕೆಲಸ ಮಾತ್ರ ನಿಮ್ಮದು.

ಹಬ್ಬದ ದಿನ ಶುಭಾಶಯ ಹೇಗೆ ಹೇಳಬೇಕು?

‘ಲಾ ಏಲ್ಯ ಬ್ರೀಜ ಸೊನ ದಿಚ್.’ ಕೊನೆಯ ಪದ ಒಬ್ಬರಿಗೆ ಹೇಳುವಾಗ ಮಾತ್ರ. ಹಲವರಿದ್ದರೆ ‘ದೀವ್’ ಎನ್ನಿ. ಅವರು ಉತ್ತರವಾಗಿ ಐರಿಷ್‌ನಲ್ಲೇ ಮಾತು ಮುಂದುವರಿಸಿದರೆ ನಕ್ಕು ಹವಾಮಾನದ ಕಡೆಗೆ ತಿರುಗಿಸಿ, ಬಹುತೇಕ ಐರಿಷರೂ ಅದನ್ನೇ ಮಾಡುತ್ತಾರೆ.